ಧ್ವನಿಮುದ್ರಣವೂ ಇತಿಹಾಸಕಾರನೂ

ಮೂಡಬಿದಿರೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಇತಿಹಾಸದ ಅಧ್ಯಾಪಕರು 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯ ಮುಂದೆ ನಿಂತು ಶಾಸನವನ್ನೂ ಶಿಲ್ಪವನ್ನೂ ಕುರಿತು ವಿವರಿಸುವರು. ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ ಓಲೆಗ್ರಂಥಗಳ ಪ್ರಸ್ತಾಪವನ್ನೂ ಮಾಡುವರು. ಇದು ತಕ್ಕುದೇ ಸರಿ. ಆದರೆ ಅಲ್ಲಿಂದ ಬಂಟ್ವಾಳಕ್ಕೋ ಬೆಳ್ತಂಗಡಿಗೋ ಹಿಂದಿರುಗುವ ದಾರಿಯಲ್ಲಿ, ಕಲ್ಲಿನ ಮೇಲೂ ಓಲೆಯ ಮೇಲೂ ಬರೆಯಲ್ಪಡದೆ ಹಾಡಿನಲ್ಲಿ ಮಾತ್ರ ಉಳಿದುಬಂದ ಸಮಾಜವನ್ನು ಕೇಳಿಸಿಕೊಳ್ಳಲೆಂದು ಬಸ್ಸನ್ನು ನಿಲ್ಲಿಸಿದವರನ್ನು ನಾನು ಕಂಡಿಲ್ಲ. ನಾನೂ ನಿಲ್ಲಿಸಿದವನಲ್ಲ.

ಶಾಸನವನ್ನು ಪರೀಕ್ಷಿಸುವ ಕ್ರಮವನ್ನು ನಾವು ಬಲ್ಲೆವು. ಬರೆಸಿದವನು ಯಾರು, ಕೊರೆದವನು ಯಾರು, ಅದು ಮೂಲವೋ ಪ್ರತಿಯೋ, ಕೂಟಶಾಸನವೋ ಎಂದು ಕೇಳದೆ ಅದರಿಂದ ಒಂದಕ್ಷರವನ್ನೂ ಎತ್ತಿಕೊಳ್ಳುವುದಿಲ್ಲ. ಧ್ವನಿಮುದ್ರಣದ ವಿಷಯದಲ್ಲಿ ಈ ಎಚ್ಚರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಕಿವಿಗೆ ಬಿದ್ದ ಧ್ವನಿ ಪ್ರತ್ಯಕ್ಷವೆಂದೂ, ಆದುದರಿಂದ ಸತ್ಯವೆಂದೂ ಭಾವಿಸುವ ಒಂದು ಮುಗ್ಧತೆ ವಿದ್ವಾಂಸರಲ್ಲಿಯೂ ಉಂಟು. ಇದನ್ನು ಬೆಳ್ತಂಗಡಿ ತಾಲೂಕಿನ ಸುಪ್ರಸಿದ್ಧ ಧ್ವನಿಮುದ್ರಣವೊಂದರ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಮೊದಲು ಫ್ರಾನ್ಸಿನ ಉದಾಹರಣೆಯನ್ನು ನೋಡುವುದು ಉಚಿತ. ವಿಶ್ವವಿದ್ಯಾನಿಲಯವೊಂದು ತನ್ನ ನಾಡಿನ ನುಡಿಯನ್ನು ಯಂತ್ರದ ಮೂಲಕ ಸಂಗ್ರಹಿಸಲು ಹೊರಟ ಆರಂಭದ ಪ್ರಯತ್ನಗಳಲ್ಲಿ ಅದೊಂದು. ಅಲ್ಲಿ ತಲೆದೋರಿದ ತೊಡಕುಗಳೇ ಇಲ್ಲಿಯೂ ಬೇರೆ ರೂಪದಲ್ಲಿ ಕಾಣಿಸಿಕೊಂಡಿವೆ.

ಫ್ರೆಂಚ್ ಭಾಷೆಯ ಇತಿಹಾಸವನ್ನು ಅನೇಕ ಸಂಪುಟಗಳಲ್ಲಿ ಬರೆದ ಫರ್ಡಿನಾಂಡ್ ಬ್ರುನೋ 1911ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ‘ನುಡಿಯ ಭಂಡಾರ’ವೆಂಬ ಅರ್ಥದ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದನು. ಗ್ರಾಮಫೋನ್ ತಟ್ಟೆಗಳ ಉದ್ಯಮಿ ಎಮಿಲ್ ಪಾಥೆಯ ನೆರವು ಅದಕ್ಕಿತ್ತು. ಕವಿ ಅಪೊಲಿನೇರ್ 1913ರಲ್ಲಿ ಅಲ್ಲಿ ತನ್ನ ಕವಿತೆಗಳನ್ನು ಓದಿದನು. ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದುವ ಕ್ಯಾಪ್ಟನ್ ಡ್ರೇಫಸ್, ಎಂದರೆ 1894ರಲ್ಲಿ ದೇಶದ್ರೋಹದ ಸುಳ್ಳು ಆರೋಪಕ್ಕೆ ಗುರಿಯಾಗಿ 1906ರಲ್ಲಿ ನಿರ್ದೋಷಿಯೆನಿಸಿಕೊಂಡ ಆ ಸೇನಾಧಿಕಾರಿ, 1912ರಲ್ಲಿ ತನ್ನ ಸೆರೆವಾಸದ ಸ್ಮರಣೆಯ ಭಾಗವೊಂದನ್ನು ಅಲ್ಲಿಯೇ ಓದಿದ್ದಾನೆ. ಇವೆಲ್ಲ ಪಟ್ಟಣದ ವಿದ್ಯಾವಂತರ ಧ್ವನಿಗಳು, ಅದೂ ಮುದ್ರಿತ ಪುಟವನ್ನು ಓದುವ ಧ್ವನಿಗಳು. ನನಗೆ ತೋರುವಮಟ್ಟಿಗೆ ಇವುಗಳಿಗಿಂತ ಬೆಲೆಯುಳ್ಳದ್ದು ಬ್ರುನೋ ಯಂತ್ರವನ್ನು ಹೊತ್ತುಕೊಂಡು 1912ರಲ್ಲಿ ಆರ್ಡೆನ್ ಪ್ರಾಂತಕ್ಕೂ, 1913ರಲ್ಲಿ ಬೆರಿ ಮತ್ತು ಲಿಮೂಸ್ಯಾಂ ಪ್ರಾಂತಗಳಿಗೂ ಹೋಗಿ ತಂದ ಗ್ರಾಮೀಣರ ಹಾಡು, ಕಥೆ, ಮಾತುಗಳು. 1880ರ ದಶಕದ ಶಾಲಾ ಕಾನೂನುಗಳು ಪ್ರಮಾಣಭೂತ ಫ್ರೆಂಚನ್ನು ಹಳ್ಳಿಹಳ್ಳಿಗೆ ಒಯ್ಯುತ್ತಿದ್ದ ಕಾಲವದು. ತರಗತಿಯಲ್ಲಿ ನುಡಿಯಬಾರದೆಂದು ಮಕ್ಕಳಿಗೆ ಕಲಿಸಿದ ನುಡಿಯನ್ನೇ ರಾಜಧಾನಿಯ ಪ್ರಾಧ್ಯಾಪಕನು ಕೇಳಿ ತಟ್ಟೆಯ ಮೇಲೆ ಇಳಿಸಿಕೊಂಡನು.

ಆದರೆ ಆ ತಟ್ಟೆಗಳಿಗೆ ಒಂದು ಮಿತಿಯಿತ್ತು. ಒಂದೊಂದರಲ್ಲಿ ಹಿಡಿಸುತ್ತಿದ್ದುದು ಕೆಲವೇ ನಿಮಿಷಗಳ ಧ್ವನಿ. ಕಥೆ ಹೇಳುವ ಮುದುಕನು ಯಂತ್ರದ ಕಹಳೆಗೆ ಬಾಯಿ ಹತ್ತಿರ ಹಿಡಿದು, ಯಂತ್ರವು ನಿಲ್ಲುವುದರೊಳಗೆ ಕಥೆಯನ್ನು ಮುಗಿಸಬೇಕು. ಹೀಗೆ ನಾವು ಇಂದು ಕೇಳುವುದು ಫ್ರೆಂಚ್ ಹಳ್ಳಿಯ ಕಥನವನ್ನು ಎಷ್ಟೋ, ಪಾಥೆಯ ತಟ್ಟೆಯ ಅಳತೆಯನ್ನೂ ಅಷ್ಟೇ. (ನಮ್ಮ ದೇಶದಲ್ಲಿ ಗ್ರಿಯರ್ಸನ್ನನ ಭಾಷಾ ಸಮೀಕ್ಷೆಯ ಅಂಗವಾಗಿ ಮಾಡಿದ ಗ್ರಾಮಫೋನ್ ಮುದ್ರಣಗಳ ಸ್ಥಿತಿ ಇದಕ್ಕಿಂತಲೂ ವಿಚಿತ್ರ: ಬೈಬಲಿನ ದುಂದುಗಾರ ಮಗನ ಸಾಮತಿಯನ್ನು ಪ್ರತಿಯೊಂದು ಭಾಷೆಗೂ ತಿರುಗಿಸಿ ಓದಿಸಿದರು. ವ್ಯಾಕರಣಕ್ಕೆ ಅದು ಒದಗೀತು. ಜನಜೀವನಕ್ಕೆ ಏನು ಒದಗೀತು?)

ಇನ್ನು ಬೆಳ್ತಂಗಡಿಗೆ ಬರೋಣ. ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಕೃಷಿಕರು, ಸಿರಿ ಆರಾಧನೆಯಲ್ಲಿ ಮುಂದಾಳುಗಳು. 1990ರ ಡಿಸೆಂಬರಿನಲ್ಲಿ ಅವರು ತುಳುವಿನ ಸಿರಿಕಾವ್ಯವನ್ನು ಆದ್ಯಂತವಾಗಿ ಹಾಡಿದರು. ಹಾಡಿಸಿ ಮುದ್ರಿಸಿಕೊಂಡವರು ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ಮತ್ತು ನಮ್ಮವರೇ ಆದ ಡಾ. ಬಿ. ಎ. ವಿವೇಕ ರೈ, ಡಾ. ಕೆ. ಚಿನ್ನಪ್ಪ ಗೌಡರು. 1998ರಲ್ಲಿ ಹೆಲ್ಸಿಂಕಿಯಿಂದ ಮೂರು ಸಂಪುಟಗಳು ಹೊರಬಂದುವು: ಎರಡರಲ್ಲಿ ರೋಮನ್ ಲಿಪಿಯ ತುಳು ಪಾಠ ಮತ್ತು ಇಂಗ್ಲಿಷ್ ಅನುವಾದ, ಒಂದರಲ್ಲಿ ಹೊಂಕೊ ಅವರ ಸೈದ್ಧಾಂತಿಕ ವಿವೇಚನೆ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪಾಡ್ದನಗಳನ್ನು ಅಚ್ಚು ಮಾಡಿಸಿದಂದಿನಿಂದ ತುಳು ಮೌಖಿಕ ಸಾಹಿತ್ಯಕ್ಕೆ ಸಂದ ಸೇವೆಗಳಲ್ಲಿ ಇದು ಅಗ್ರಗಣ್ಯವೆಂಬುದು ನಿರ್ವಿವಾದ. ಪಠ್ಯವು ಹೇಗೆ ನಿರ್ಮಾಣವಾಯಿತೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಬಯಲುಗೊಳಿಸಿದ ಸಂಪಾದಕರು ವಿರಳ. ಬೆಳ್ತಂಗಡಿಯ ಓದುಗನಿಗೆ ನೆರೆಮನೆಯ ಹಾಡು ರೋಮನ್ ಲಿಪಿಯಲ್ಲಿ ಹಿಂದಿರುಗಿ ಬಂತೆಂಬ ಕೊರಗು ನನಗಿದ್ದರೂ ಅದು ಇಲ್ಲಿ ಮುಖ್ಯವಲ್ಲ.

ಮುಖ್ಯವಾದುದು ಒಂದು ಸಂಖ್ಯೆ. ಕಾವ್ಯದ ಸಾಲುಗಳು 15,683. ಹೋಮರನ ಇಲಿಯಡ್ಡಿನವು 15,693. ಹತ್ತೇ ಸಾಲುಗಳ ಅಂತರ! ನಮ್ಮ ವೇದಿಕೆಗಳಲ್ಲಿ ಈ ಹೋಲಿಕೆಯು ಬಿರುದಿನಂತೆ ಉಲ್ಲೇಖಿತವಾಗುತ್ತದೆ. ಇದನ್ನು ಇತಿಹಾಸಕಾರನು ಸಂಶಯದಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ. ಇದೇ ನಾಯ್ಕರು ಹಿಂದೊಮ್ಮೆ ಇದೇ ಕಾವ್ಯವನ್ನು ಹಾಡದೆ ಹೇಳಿ ಬರೆಯಿಸಿದಾಗ ಅದು ಎಂಟೂವರೆ ಸಾವಿರ ಸಾಲುಗಳ ಆಸುಪಾಸಿನಲ್ಲಿ ಮುಗಿದಿತ್ತು. ಬರೆಯುವವನ ಕೈ ನಿಧಾನ, ಹೇಳುವವನು ಅದಕ್ಕಾಗಿ ಕಾಯಬೇಕು, ಕಾಯುವಾಗ ವರ್ಣನೆ ಉದುರಿಹೋಗುತ್ತದೆ. ಟೇಪು ಅವರನ್ನು ತಡೆಯಲಿಲ್ಲ; ಎದುರಿಗೆ ಕುಳಿತವರು ಬೇಸರಗೊಳ್ಳದೆ ಕೇಳಿದರು; ಹಾಡು ಸುಮಾರು ಇಮ್ಮಡಿಯಾಯಿತು. ಇತ್ತ ಕವತ್ತಾರು, ನಂದಳಿಕೆ, ಹಿರಿಯಡ್ಕಗಳ ಸಿರಿಜಾತ್ರೆಯ ರಾತ್ರಿಯಲ್ಲಿ ಆವೇಶಗೊಂಡ ಹೆಂಗಸರ ನಡುವೆ ಕಾವ್ಯವು ಆದ್ಯಂತವಾಗಿ ಕೇಳಬರುವುದಿಲ್ಲ. ತುಂಡುತುಂಡಾಗಿ, ಪ್ರಶ್ನೋತ್ತರಗಳ ಎಡೆಯಲ್ಲಿ ಬರುತ್ತದೆ. ನೇಜಿ ನೆಡುವ ಗದ್ದೆಯಲ್ಲಿ ಅದು ಕೆಲಸದ ಹೊತ್ತಿನಷ್ಟೇ ಉದ್ದ. ಹಾಗಾದರೆ ಸಿರಿಕಾವ್ಯದ ನಿಜವಾದ ಅಳತೆ ಯಾವುದು? ಬ್ರುನೋವಿನ ತಟ್ಟೆ ಕಥೆಯನ್ನು ಮೊಟಕುಗೊಳಿಸಿತು, ಮಾಚಾರಿನ ಟೇಪು ಅದನ್ನು ಬೆಳೆಯಗೊಟ್ಟಿತು; ಎರಡು ಕಡೆಯೂ ಯಂತ್ರವೂ ಕೇಳುಗನೂ ಹಾಡಿನ ಸಹಕರ್ತೃಗಳೇ. ಗಾಯಕನ ಮನಸ್ಸಿನಲ್ಲಿ ಒಂದು ‘ಮನೋಪಠ್ಯ’ವಿದ್ದು, ಸಂದರ್ಭಕ್ಕೆ ತಕ್ಕಂತೆ ಅದು ಬೇರೆಬೇರೆ ರೂಪ ತಾಳುವುದೆಂದು ಹೊಂಕೊ ಅವರೇ ವಾದಿಸಿದ್ದಾರೆ. ಅವರ ಈ ಸೂಕ್ಷ್ಮವನ್ನು ಬಿಟ್ಟು ಅವರ ಸಂಖ್ಯೆಯನ್ನು ಮಾತ್ರ ನಾವು ಎತ್ತಿಕೊಂಡಿದ್ದೇವೆ.

ಇದರಿಂದ ಧ್ವನಿಯ ಆಕರವನ್ನು ತಿರಸ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ತುಳುನಾಡಿನ ಸ್ತ್ರೀಯ ಸ್ಥಾನಮಾನವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆಧರಿಸುವುದು ಭೂತಾಳ ಪಾಂಡ್ಯನ ಹೆಸರಿನ ಕಟ್ಟನ್ನು, ನ್ಯಾಯಾಲಯದ ತೀರ್ಪುಗಳನ್ನು, 1949ರ ಮದರಾಸು ಅಳಿಯಸಂತಾನ ಕಾಯಿದೆಯನ್ನು. ಮೊದಲನೆಯದರ ಪ್ರಾಚೀನತೆ ಶಂಕಾಸ್ಪದ. ಉಳಿದವು ಆಸ್ತಿಯುಳ್ಳವರ ಜಗಳದ ದಾಖಲೆಗಳು. ಬಯಕೆಯ ಸೀರೆಯನ್ನು ಗಂಡ ಕಾಂತು ಪೂಂಜನು ಸೂಳೆ ಸಿದ್ದುವಿನ ಮೈಗೆ ಮೊದಲು ತಾಗಿಸಿದನೆಂದು ತಿಳಿದು ಸಿರಿಯು ಅವನನ್ನು ತೊರೆದು ನಡೆಯುವ, ಅಜ್ಜನ ಅರಮನೆಯ ಹಕ್ಕಿನ ವ್ಯಾಜ್ಯದಲ್ಲಿ ನ್ಯಾಯ ದೊರೆಯದೆ ಮನೆಯಿಳಿದು ಹೋಗುವ ಪ್ರಸಂಗಗಳು ಯಾವ ಕಡತದಲ್ಲಿಯೂ ಇಲ್ಲದ ಒಂದು ಧರ್ಮವಿಚಾರವನ್ನು ನಮ್ಮ ಮುಂದಿಡುತ್ತವೆ. ಅಚ್ಚಿನ ಪುಟದಲ್ಲಿ ಇವು ಕಥೆಯ ಘಟನೆಗಳು. ಹಾಡಿನಲ್ಲಿ ಪುನರುಕ್ತಿ, ಉಸಿರು, ನಿಲುಗಡೆಗಳ ಮೂಲಕ ಗಾಯಕನು ಎಲ್ಲಿ ತೂಕವಿಡುತ್ತಾನೆಂಬುದು ತಿಳಿಯುತ್ತದೆ. ಸಿರಿಯು ಯಾವ ಶತಮಾನದವಳೆಂದು ಇದರಿಂದ ನಿರ್ಣಯಿಸಹೊರಡುವುದು ವ್ಯರ್ಥಸಾಹಸ. 1990ರ ಬೆಳ್ತಂಗಡಿಯಲ್ಲಿ ಒಬ್ಬ ಕೃಷಿಕನಿಗೂ ಅವನ ಸುತ್ತಣವರಿಗೂ ಹೆಣ್ಣಿನ ಹಕ್ಕಿನ ಯಾವ ಮಾತು ಇನ್ನೂ ಜೀವಂತವಾಗಿತ್ತೆಂಬುದಕ್ಕೆ ಇದು ಸಾಕ್ಷ್ಯ. ಅಷ್ಟಕ್ಕೆ ಇದು ಬಲವಾದ ಸಾಕ್ಷ್ಯ.

ಆದುದರಿಂದ ವಿದ್ಯಾರ್ಥಿಗಳು ಧ್ವನಿಮುದ್ರಣಕ್ಕೆ ಹೊರಡುವಾಗ ಹಾಡಿನೊಂದಿಗೆ ಅದರ ಹಿಂದುಮುಂದನ್ನೂ ಉಳಿಸಿಕೊಳ್ಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ: ಹಾಡುವಂತೆ ಕೋರಿದ ಮಾತು, ಕೆಮ್ಮು, ಮರೆವು, ನೆರೆಯವರ ತಿದ್ದುಪಡಿ. ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬನು ಬಂಟ್ವಾಳದ ಕಡೆಯ ವೃದ್ಧೆಯೊಬ್ಬರ ಪಾಡ್ದನವನ್ನು ತನ್ನ ಮೊಬೈಲಿನಲ್ಲಿ ಮುದ್ರಿಸಿ ತಂದನು. ಹಾಡು ಸೊಗಸಾಗಿತ್ತು, ಮಧ್ಯದಲ್ಲೊಂದು ಕಡೆ ಮಾತ್ರ ತಟ್ಟನೆ ಜಿಗಿದಂತಿತ್ತು. ಕೇಳಲಾಗಿ, ಅಜ್ಜಿ ಅಲ್ಲಿ ಹಾಡು ನಿಲ್ಲಿಸಿ, ನಿನ್ನ ತಾಯಿ ಯಾವ ಮನೆಯವಳು, ಅವಳ ತಾಯಿ ಯಾವ ಮನೆಯವಳು ಎಂದು ವಿಚಾರಿಸಿ, ಉತ್ತರದಿಂದ ಸಮಾಧಾನವಾದ ಮೇಲೆಯೇ ಮುಂದುವರಿದರೆಂದು ತಿಳಿದುಬಂತು. ತಂದೆಯ ಹೆಸರನ್ನು ಅವರು ಕೇಳಿರಲೇ ಇಲ್ಲ. ಅದು ಹಾಡಿಗೆ ಸಂಬಂಧಪಡದ ಮಾತೆಂದು ಹುಡುಗನು ಕತ್ತರಿಸಿದ್ದನು. ಮೂಲವನ್ನು ಕೊಡೆಂದೆ. ಅಳಿಸಿಬಿಟ್ಟಿದ್ದೇನೆ ಸರ್, ಎಂದನು.