ಹಿಂದಿನ ಸಾಲಿನ ಜಾಗ

ಪಾಶ್ಚಾತ್ಯ ವಾದ್ಯವೃಂದದಲ್ಲಿ ಡಬಲ್ ಬಾಸ್ ನುಡಿಸುವವರು ಸಾಮಾನ್ಯವಾಗಿ ಹಿಂದೆ ಒಂದು ಪಕ್ಕದಲ್ಲಿರುತ್ತಾರೆ. ಆಳೆತ್ತರವನ್ನೂ ಮೀರುವ ವಾದ್ಯ, ವಯಲಿನ್ ಬಳಗದಲ್ಲೇ ಅತಿ ಕೆಳಗಿನ ಸ್ವರ. ಕೇಳುಗರು ಅದನ್ನು ಗಮನಿಸುವುದು ಅಪರೂಪ. ನಿಂತುಹೋದರೆ ಮಾತ್ರ ಸಂಗೀತದ ಬುಡವೇ ಕಳಚಿದಂತೆ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಈ ವಾದ್ಯವನ್ನು 55 ವರ್ಷ ನುಡಿಸಿದ ಓರಿನ್ ಓಬ್ರಿಯನ್ ಅವರ ಕುರಿತ 'ದಿ ಓನ್ಲಿ ಗರ್ಲ್ ಇನ್ ದಿ ಆರ್ಕೆಸ್ಟ್ರಾ' 2025ರಲ್ಲಿ ಕಿರು ಸಾಕ್ಷ್ಯಚಿತ್ರದ ಆಸ್ಕರ್ ಪಡೆಯಿತು. ನಿರ್ದೇಶಕಿ ಮಾಲಿ ಓಬ್ರಿಯನ್ ಆಕೆಯ ಸಹೋದರನ ಮಗಳು.

ಓರಿನ್ 1935ರಲ್ಲಿ ಹಾಲಿವುಡ್‌ನಲ್ಲಿ ಹುಟ್ಟಿದವರು. ತಂದೆ ಜಾರ್ಜ್ ಓಬ್ರಿಯನ್, ತಾಯಿ ಮಾರ್ಗರೀಟ್ ಚರ್ಚಿಲ್ ಇಬ್ಬರೂ ಚಿತ್ರತಾರೆಯರು. ಹೆಸರು ಬರುವುದನ್ನೂ ಬಾಡುವುದನ್ನೂ ಮನೆಯಲ್ಲೇ ಕಂಡ ಹುಡುಗಿ ಬೆಳಕು ಬೀಳದ ವಾದ್ಯವನ್ನು ಹಿಡಿದುಕೊಂಡಳು. 1842ರಲ್ಲಿ ಹುಟ್ಟಿದ ಆ ವಾದ್ಯವೃಂದಕ್ಕೆ 1966ರಲ್ಲಿ, ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ ನಿರ್ದೇಶಕರಾಗಿದ್ದಾಗ ಸೇರಿದರು. (1922ರಲ್ಲೇ ಹಾರ್ಪ್ ವಾದಕಿ ಸ್ಟೆಫನಿ ಗೋಲ್ಡ್ನರ್ ಅಲ್ಲಿದ್ದರು. 'ಮೊದಲಿಗರು' ಎಂದು ಎಣಿಸುವಾಗ ಇಂಥವರು ಮರೆಯಾಗುತ್ತಾರೆ.) ಒಂದು ಪ್ರಸಿದ್ಧ ವಾರಪತ್ರಿಕೆ ಓರಿನ್‌ರ ಮೈಕಟ್ಟನ್ನು ಅವರ ವಾದ್ಯಕ್ಕೇ ಹೋಲಿಸಿ ಬರೆಯಿತು. ಅದನ್ನೆಲ್ಲ ಸಹಿಸಿ 2021ರವರೆಗೂ ನುಡಿಸಿದರು.

ಚಿತ್ರ ಸೊಗಸಾಗಿದೆ. ಮನೆ ಖಾಲಿ ಮಾಡುವ, ಶಿಷ್ಯರಿಗೆ ಪಾಠ ಹೇಳುವ ಈ ವೃದ್ಧೆಗೆ ತನ್ನ ಮೇಲೆ ಚಿತ್ರ ಮಾಡುವುದೇ ಇಷ್ಟವಿಲ್ಲ. ಹಿಂದೆ ನಿಂತು ನುಡಿಸುವುದರಲ್ಲೇ ಸುಖ ಎಂಬ ಆಕೆಯ ನಿಲುವು ನಮ್ಮ ಮನಸ್ಸನ್ನೂ ತಟ್ಟಿತು. ಆದರೆ ಹಿಂದಿನ ಸಾಲಿನಲ್ಲಿ ವಿನಯದಿಂದ ನಿಲ್ಲಲು ಮೊದಲು ಒಳಗೆ ಬಿಡಬೇಕಲ್ಲ? ಅದೇ ವಾದ್ಯವೃಂದದ, ಅದೇ ವಾದ್ಯದ ಇನ್ನೊಂದು ಕಥೆ ಈ ಚಿತ್ರದ ಹೊರಗೆ ಉಳಿದಿದೆ.

ಆರ್ಟ್ ಡೇವಿಸ್ ಓರಿನ್‌ಗಿಂತ ಹಿರಿಯ. ಕರಿಯ ಜನಾಂಗದವರು. ಶಾಸ್ತ್ರೀಯ ತರಬೇತಿ ಪಡೆದು, ರೇಡಿಯೋ-ಟಿವಿ ಸಂಸ್ಥೆಗಳ ವಾದ್ಯವೃಂದಗಳಲ್ಲಿ ದುಡಿದು, ಜಾಝ್ ದಿಗ್ಗಜ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದವರು. 1969ರಲ್ಲಿ ಅವರೂ ಚೆಲ್ಲೊ ವಾದಕ ಅರ್ಲ್ ಮ್ಯಾಡಿಸನ್ ಅವರೂ ಫಿಲ್‌ಹಾರ್ಮೋನಿಕ್ ವರ್ಣಭೇದ ಮಾಡುತ್ತಿದೆಯೆಂದು ನಗರದ ಮಾನವ ಹಕ್ಕು ಆಯೋಗಕ್ಕೆ ದೂರಿತ್ತರು. ಆಗ ಅಲ್ಲಿದ್ದ ಕರಿಯ ಕಲಾವಿದರು ಒಬ್ಬರೇ, 1962ರಲ್ಲಿ ಸೇರಿದ ವಯಲಿನ್ ವಾದಕ ಸ್ಯಾನ್‌ಫೋರ್ಡ್ ಆ್ಯಲನ್. ಪರದೆಯ ಹಿಂದೆ ಕೂರಿಸಿ ಪರೀಕ್ಷಿಸಿ, ಕಿವಿಯಷ್ಟೇ ತೀರ್ಮಾನಿಸಲಿ ಎಂಬುದು ಡೇವಿಸ್ ಸವಾಲು. (ಪರದೆ ಎಂದೊಡನೆ ನಮ್ಮಲ್ಲಿ ಬೇರೆಯೇ ಚರ್ಚೆ ಏಳುತ್ತದೆ, ಇಲ್ಲಿ ಅದನ್ನು ಕೇಳಿದವನು ಗಂಡಸು.)

1970ರಲ್ಲಿ ಆಯೋಗ ಕಾಯಂ ಹುದ್ದೆಯ ವಿಷಯದಲ್ಲಿ ಇವರಿಬ್ಬರ ದೂರನ್ನು ಒಪ್ಪಲಿಲ್ಲ. ಆದರೆ ಬದಲಿ ಕಲಾವಿದರನ್ನು ಕರೆಯುವುದರಲ್ಲಿ ಭೇದ ನಡೆದಿದೆ ಎಂದಿತು. ನಮಗೆ ಮುಖ್ಯವೆನಿಸುವುದು ಈ ಎರಡನೆಯ ಮಾತು. ಬದಲಿಗೆ ಕರೆ ಹೋಗುವುದು ಪರಿಚಯದವರಿಗೆ. ಆ ಬಳಗದಲ್ಲಿಲ್ಲದವನ ವಿದ್ಯೆಯನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಹೆಸರು ಹೇಳಿದೊಡನೆ 'ಮನೆ ಬೇರೆಯವರಿಗೆ ಕೊಟ್ಟಾಯಿತು' ಎಂಬ ಉತ್ತರ ಕೇಳಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಪರದೆ ಅಮೆರಿಕದ ವಾದ್ಯವೃಂದಗಳಲ್ಲಿ ರೂಢಿಗೆ ಬಂತು. ಮಹಿಳೆಯರಿಗೆ ಅದರಿಂದ ಅನುಕೂಲವಾಯಿತು. 2022ರಲ್ಲಿ ಫಿಲ್‌ಹಾರ್ಮೋನಿಕ್‌ನಲ್ಲಿ 45 ಮಹಿಳೆಯರು, 44 ಪುರುಷರು. ಅದಕ್ಕೂ ಎರಡು ವರ್ಷ ಹಿಂದೆ ಅಲ್ಲಿದ್ದ ಕರಿಯ ಕಲಾವಿದರು ಮಾತ್ರ 1969ರಂತೆಯೇ ಒಬ್ಬರು, ಕ್ಲಾರಿನೆಟ್ ವಾದಕ ಆಂಥೊನಿ ಮೆಕ್‌ಗಿಲ್. ಪರೀಕ್ಷೆಯ ಕೋಣೆಯವರೆಗೆ ಬಂದವನಿಗಷ್ಟೇ ಪರದೆ ನ್ಯಾಯ ಕೊಡಬಲ್ಲದು.

ದೂರಿತ್ತ ಮೇಲೆ ಡೇವಿಸ್‌ಗೆ ಸಂಗೀತದ ಕೆಲಸವೇ ಕಡಿಮೆಯಾಯಿತು. ಅವರು ಓದಿಗೆ ಮರಳಿ 1981ರಲ್ಲಿ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ವಾದ್ಯ ಬಿಡಲಿಲ್ಲ, 2007ರಲ್ಲಿ ತೀರಿಕೊಂಡರು. ಕೋಲ್ಟ್ರೇನ್ 1961ರಲ್ಲಿ ಮುದ್ರಿಸಿದ 'ಓಲೇ'ಯಲ್ಲಿ ಎರಡು ಬಾಸ್‌ಗಳಿವೆ, ಒಂದು ಡೇವಿಸ್‌ರದು. ಓರಿನ್‌ರ ಚಿತ್ರ ನೋಡಿದವರು ಅದನ್ನೂ ಒಮ್ಮೆ ಕೇಳಲಿ.