ಫೋರ್‌ಈಚ್‌ನ ಅತಿ ಸೌಜನ್ಯ

ಸಿ ಶಾರ್ಪ್ ಭಾಷೆಯ ಫೋರ್‌ಈಚ್ ಲೂಪ್ ಓದಲು ಹಿತ. ಇಂಡೆಕ್ಸ್ ಬೇಡ, ಪಟ್ಟಿ ಎಲ್ಲಿ ಮುಗಿಯಿತೆಂದು ನೋಡಬೇಕಿಲ್ಲ. ಆ ಹಿತದ ಬೆಲೆಯನ್ನು ಮಾತ್ರ ಪಾಠ ಹೇಳುವವರು ಅಷ್ಟಾಗಿ ಎತ್ತುವುದಿಲ್ಲ.

2002ರಲ್ಲಿ ಡಾಟ್‌ನೆಟ್ ಹೊರಬಂದಾಗ ಅದರಲ್ಲಿ ಜೆನೆರಿಕ್ಸ್ ಇರಲಿಲ್ಲ. ಅರೇಲಿಸ್ಟ್‌ಗೆ ಏನು ತುಂಬಿದರೂ ಅದಕ್ಕೆ ಎಲ್ಲವೂ ಬರೀ ಆಬ್ಜೆಕ್ಟ್. ಇಂಟ್ ಹಾಕಿದರೆ ಬಾಕ್ಸಿಂಗ್ ಆಗಿ ಹೀಪ್ ಸೇರುತ್ತಿತ್ತು. ಹೊರತೆಗೆಯುವಾಗೆಲ್ಲ ಕಾಸ್ಟ್ ಬರೆಯುವ ಕಾಟ ತಪ್ಪಲೆಂದು, ಲೂಪಿನಲ್ಲಿ ಸ್ಟ್ರಿಂಗ್ ಎಂದು ಬರೆದರೆ ಕಂಪೈಲರೇ ಗುಟ್ಟಾಗಿ ಕಾಸ್ಟ್ ಸೇರಿಸುವ ಏರ್ಪಾಡಾಯಿತು. ನಡುವೆ ಸಂಖ್ಯೆಯೊಂದು ನುಸುಳಿದ್ದರೆ ಪ್ರೋಗ್ರಾಂ ಓಡುವಾಗ ಎಕ್ಸೆಪ್ಷನ್. ಆ ಕಾಲಕ್ಕೆ ಒಪ್ಪಬಹುದಾದ ರಾಜಿ.

ಕೇಂಬ್ರಿಡ್ಜ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಾನ್ ಸೈಮ್ ಮತ್ತು ಆಂಡ್ರ್ಯೂ ಕೆನಡಿ ರೂಪಿಸಿದ ಜೆನೆರಿಕ್ಸ್ 2005ರಲ್ಲಿ ಬಂತು. ಇಂಟ್‌ಗಳ ಲಿಸ್ಟ್‌ಗೆ ಬಾಕ್ಸಿಂಗ್ ಇಲ್ಲ. ಅದರ ಎನ್ಯುಮರೇಟರ್ ಸ್ಟ್ರಕ್ಟ್ ಆದ್ದರಿಂದ ನೇರವಾಗಿ ಸುತ್ತಿದರೆ ಹೀಪ್ ಮುಟ್ಟುವುದೂ ಇಲ್ಲ. ಸೊಗಸಾದ ಕೆಲಸ, ಅನುಮಾನವಿಲ್ಲ.

ಆದರೆ ಗುಟ್ಟಿನ ಕಾಸ್ಟ್ ಮಾತ್ರ ಜೆನೆರಿಕ್ ಪಟ್ಟಿಗಳಲ್ಲೂ ಉಳಿದುಕೊಂಡಿತು. ಲಾಂಗ್‌ಗಳ ಲಿಸ್ಟ್‌ನಲ್ಲಿ 5000000000 ಇದೆ ಎನ್ನಿ. ಲೂಪಿನ ವೇರಿಯಬಲ್ಲನ್ನು ಇಂಟ್ ಎಂದು ಬರೆಯಿರಿ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಚೆಕ್ಡ್ ಆಯ್ಕೆ ಹಾಕಿರದಿದ್ದರೆ ಎಕ್ಸೆಪ್ಷನ್ನೂ ಇಲ್ಲ. ಕೈಗೆ ಬರುವುದು 705032704. ಹೊರಗೆ ಅದೇ ಲಾಂಗ್ ವೇರಿಯಬಲ್ಲನ್ನು ಇಂಟ್‌ಗೆ ಹಾಕಹೋದರೆ ಕಂಪೈಲರ್ ತಡೆಯುತ್ತದೆ. ಒಂದೇ ಭಾಷೆಯಲ್ಲಿ ಎರಡು ನ್ಯಾಯ! ಅರೇಲಿಸ್ಟ್ ಕಾಲದ ತಪ್ಪು ಕಿರುಚಿಯಾದರೂ ಸಾಯುತ್ತಿತ್ತು. ಇದು ತಪ್ಪು ಲೆಕ್ಕ ಕೊಟ್ಟು ಸುಮ್ಮನಿರುತ್ತದೆ.

ಜಾವಾ ಈ ವಿಷಯದಲ್ಲಿ ಖಡಕ್. 2004ರಲ್ಲಿ ಬಂದ ಅದರ ಹೊಸ ಫಾರ್ ಲೂಪಿನಲ್ಲಿ, ಟೈಪ್ ಹೇಳದ ಹಳೆಯ ಲಿಸ್ಟನ್ನು ಸ್ಟ್ರಿಂಗ್ ಎಂದು ಸುತ್ತಹೊರಟರೆ ಕಂಪೈಲ್ ಆಗುವುದೇ ಇಲ್ಲ. (ಓಡುವ ಹೊತ್ತಿಗೆ ಟೈಪ್ ಅಳಿಸಿಹಾಕುವ ಜಾವಾದ ಜೆನೆರಿಕ್ಸ್ ಬೇರೆಯದೇ ತಲೆನೋವು.) ಹಳೆಯ ಕೋಡ್ ಮುರಿಯಬಾರದೆಂಬ ಸಿ ಶಾರ್ಪ್‌ನವರ ಕಾಳಜಿ ಅರ್ಥವಾಗುತ್ತದೆ. ಆದರೆ ಜೆನೆರಿಕ್ ಪಟ್ಟಿಗಳ ಮಟ್ಟಿಗೆ ಆಗ ಮುರಿಯಲು ಹಳೆಯ ಕೋಡೇ ಇರಲಿಲ್ಲವಲ್ಲ!

ಟೈಪನ್ನು ಕಂಪೈಲರೇ ಊಹಿಸಿಕೊಳ್ಳಲೆಂದು ಬಿಡುವ ವಾರ್ ಬಳಸಿದರೆ ಲಿಸ್ಟ್‌ಗಳಲ್ಲಿ ಈ ಕಾಟವಿಲ್ಲ. ಹಾಗೆಂದು ಎಲ್ಲೆಡೆ ವಾರ್ ಹಾಕುವ ಹಾಗೂ ಇಲ್ಲ: ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ರೆಜೆಕ್ಸ್ ಹುಡುಕಾಟದ ಫಲಿತಾಂಶಗಳನ್ನು ಹಿಡಿಯುವ ಮ್ಯಾಚ್‌ಕಲೆಕ್ಷನ್ ಜೆನೆರಿಕ್ ಅಲ್ಲದ್ದು, ಅಲ್ಲಿ ವಾರ್ ಎಂದರೆ ಆಬ್ಜೆಕ್ಟ್. ಮ್ಯಾಚ್ ಎಂದು ಬಾಯಿಬಿಟ್ಟು ಬರೆದು, ಅದೇ ಗುಟ್ಟಿನ ಕಾಸ್ಟನ್ನೇ ನಂಬಬೇಕು.