ಬರೆಯದೆ ಉಳಿದ ಮೃತರ ಪುಸ್ತಕ: ಐರಿಷ್ ಧರ್ಮಕೇಂದ್ರಗಳ ದಾಖಲೆಗಳ ಒಂದು ವಿಮರ್ಶೆ

ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರ ಜುಲೈಯಲ್ಲಿ ಆ ದೇಶದ ಸಾವಿರಕ್ಕೂ ಹೆಚ್ಚು ಕಥೋಲಿಕ ಧರ್ಮಕೇಂದ್ರಗಳ ಹಳೆಯ ದಾಖಲೆ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು. ಬಹುಪಾಲು 1740ರ ದಶಕದಿಂದ 1880ರ ಆಸುಪಾಸಿನವರೆಗಿನ ಪುಟಗಳು ಅವು. ಕಡಲಾಚೆ ನೆಲೆಸಿದ ಐರಿಷ್ ಸಂತತಿಯವರು ಪೂರ್ವಜರನ್ನು ಅರಸಿ ಅಲ್ಲಿಗೆ ಬರುತ್ತಾರೆ. ಅವರಿಗೆ ಮುತ್ತಜ್ಜನ ಜ್ಞಾನಸ್ನಾನ ಸಿಗುತ್ತದೆ, ವಿವಾಹವೂ ಸಿಗುತ್ತದೆ; ಸಮಾಧಿ ಮಾತ್ರ ಬಹುತೇಕ ಸಿಗುವುದಿಲ್ಲ. ಈ ಪುಸ್ತಕಗಳನ್ನು ವಂಶಾವಳಿಯ ಆಕರಗಳೆಂದು ಓದುವವರೇ ಹೆಚ್ಚು. ನಾವಿಲ್ಲಿ ಅವನ್ನು ಧರ್ಮಸಭೆಯ ಬರವಣಿಗೆಯೆಂದೇ ಭಾವಿಸಿ, ಅದರ ಮೌನವನ್ನು ಪರಿಶೀಲಿಸಬಯಸುತ್ತೇವೆ.

ಜಗದ್ಗುರು ಐದನೆಯ ಪೌಲರು 1614ರಲ್ಲಿ ಹೊರಡಿಸಿದ ರೋಮನ್ ಸಂಸ್ಕಾರವಿಧಿಯು ಪ್ರತಿ ಧರ್ಮಕೇಂದ್ರದ ಗುರುವೂ ಇಡಬೇಕಾದ ಐದು ಪುಸ್ತಕಗಳಲ್ಲಿ ಮೃತರ ಪುಸ್ತಕವನ್ನೂ ಹೆಸರಿಸಿತ್ತು. ಐರ್ಲೆಂಡಿನಲ್ಲಿ ಅದನ್ನು ಇಟ್ಟ ಧರ್ಮಕೇಂದ್ರಗಳು ವಿರಳ. ಇದಕ್ಕೆ ವಾಡಿಕೆಯಾಗಿ ಕೊಡುವ ಸಮಾಧಾನ, ಕಥೋಲಿಕರ ವಿರುದ್ಧದ ದಂಡಶಾಸನಗಳು. ಅದರಲ್ಲಿ ಸತ್ಯಾಂಶವಿದೆ. ಪುರಾತನ ದೇವಾಲಯಗಳೂ ಅವುಗಳ ಸಮಾಧಿಭೂಮಿಗಳೂ ಸುಧಾರಣೆಯ ನಂತರ ಚರ್ಚ್ ಆಫ್ ಐರ್ಲೆಂಡಿನ ವಶಕ್ಕೆ ಹೋದವು. ಆದರೂ ಕಥೋಲಿಕರು ತಮ್ಮ ಹಿರಿಯರು ಮಲಗಿದ ಮಣ್ಣಿನಲ್ಲೇ ಮಲಗಬಯಸಿದರು. ಹೂಳುವ ಜಾಗದಲ್ಲಿ ವಿಧಿಯನ್ನು ನಡೆಸಲಾಗದ ಗುರು, ಮೃತನ ಮನೆಯಲ್ಲೇ ಹಿಡಿ ಮಣ್ಣನ್ನು ಆಶೀರ್ವದಿಸಿ ಶವದೊಡನೆ ಕಳಿಸುತ್ತಿದ್ದನು. (ಸಂಸ್ಕಾರವಿಧಿಯನ್ನು ಬೋಧಿಸುವವರು ಈ ಹಿಡಿ ಮಣ್ಣಿಗಾಗಿ ಒಂದು ತರಗತಿಯನ್ನೇ ಮೀಸಲಿಡಬಹುದು.) 1823ರಲ್ಲಿ ಡಬ್ಲಿನ್ನಿನ ಸಂತ ಕೆವಿನ್ ಸಮಾಧಿಭೂಮಿಯಲ್ಲಿ ಪ್ರಾರ್ಥಿಸಲು ಹೊರಟ ಗುರು ಮೈಕಲ್ ಬ್ಲೇಕ್ ಅವರನ್ನು ಅಲ್ಲಿನ ಕಾವಲಿನವನು ತಡೆದನು. ಆ ಕೋಲಾಹಲದ ಬೆನ್ನಿಗೇ 1824ರ ಶಾಸನ ಬಂದಿತು; ಡೇನಿಯಲ್ ಓಕಾನೆಲ್ ಅವರ ಪ್ರಯತ್ನದಿಂದ 1832ರಲ್ಲಿ ಗ್ಲಾಸ್ನೆವಿನ್ ಸಮಾಧಿಭೂಮಿ ತೆರೆಯಿತು.

ಆದರೆ ಈ ಸಮಾಧಾನ ಸಾಲದು. 1829ರಲ್ಲಿ ಕಥೋಲಿಕರ ವಿಮೋಚನೆಯಾದ ಮೇಲೂ ಅದೇ ಗುರುಗಳು ಜ್ಞಾನಸ್ನಾನವನ್ನೂ ವಿವಾಹವನ್ನೂ ಬರೆಯುತ್ತಲೇ ಹೋದರು, ಮರಣವನ್ನು ಬಿಟ್ಟರು. ಜ್ಞಾನಸ್ನಾನದಿಂದ ಹಕ್ಕು ಹುಟ್ಟುತ್ತದೆ. ವಿವಾಹಕ್ಕೆ ರಕ್ತಸಂಬಂಧದ ಅಡ್ಡಿಯನ್ನು ಪರಿಶೀಲಿಸಬೇಕಾಗುತ್ತದೆ. ಸತ್ತವನಿಂದ ಧರ್ಮಶಾಸನಕ್ಕೆ ಆಗಬೇಕಾದ ಕೆಲಸ ಕಡಿಮೆ, ವಿಧವೆಯ ಮರುವಿವಾಹದ ಪ್ರಶ್ನೆಯೊಂದನ್ನು ಬಿಟ್ಟರೆ. ಹಾಗಾಗಿ ಈ ಪುಸ್ತಕಗಳು ಶಾಸನಕ್ಕಾಗಿ ಬರೆದವು, ಸ್ಮರಣೆಗಾಗಿ ಅಲ್ಲ ಎಂಬುದು ನಮ್ಮ ತೀರ್ಮಾನ. ಪ್ರತಿ ಬಲಿಪೂಜೆಯಲ್ಲೂ ಮೃತರನ್ನು ನೆನೆದ ಕೈಯೇ ಅವರ ಹೆಸರನ್ನು ಬರೆಯದೆ ಹೋಯಿತು. ಭಾಷೆಯೂ ಇದಕ್ಕೆ ಸಾಕ್ಷಿ: ದಾಖಲೆಗಳು ಲ್ಯಾಟಿನ್ ಇಲ್ಲವೆ ಇಂಗ್ಲಿಷಿನಲ್ಲಿವೆ, ಜೇಮ್ಸ್ ಎಂಬಾತ ಯಾಕೋಬುಸ್ ಆಗಿದ್ದಾನೆ. ಹೆಣದ ಮುಂದೆ ಹೆಂಗಸರು ಹಾಡಿ ಅತ್ತ ಐರಿಷ್ ಭಾಷೆ ಆ ಪುಟಗಳಲ್ಲಿ ಇಲ್ಲವೆಂದೇ ಹೇಳಬೇಕು.

ಮಹಾಕ್ಷಾಮದ ವರ್ಷಗಳಿಗೆ ಮಾತ್ರ ಈ ಆಕ್ಷೇಪ ಸಲ್ಲದು. ಸ್ಕಿಬರೀನ್ ಬಳಿಯ ಅಬ್ಬೆಸ್ಟ್ರೂರಿಯಲ್ಲಿ ಸಾವಿರಾರು ಶವಗಳು ಪೆಟ್ಟಿಗೆಯಿಲ್ಲದೆ ಗುಂಡಿ ಸೇರುತ್ತಿದ್ದಾಗ, ಜ್ವರಪೀಡಿತರ ನಡುವೆ ಓಡಾಡಿ ತಾನೂ ಜ್ವರಕ್ಕೆ ಬಲಿಯಾದ ಗುರುವಿನಿಂದ ಪುಸ್ತಕ ಕೇಳುವುದು ಕ್ರೌರ್ಯವಾದೀತು.

ಹಾಗಾದರೆ ಅರಸುವವರು ಹೋಗಬೇಕಾದುದೆಲ್ಲಿಗೆ? ವಿಪರ್ಯಾಸವೆಂದರೆ, ಚರ್ಚ್ ಆಫ್ ಐರ್ಲೆಂಡಿನ ಸಮಾಧಿ ದಾಖಲೆಗಳಿಗೆ. ನೆಲ ಅವರದಾದ್ದರಿಂದ ಕಥೋಲಿಕರ ಹೆಸರುಗಳೂ ಅಲ್ಲಿ ಕಾಣಸಿಗುತ್ತವೆ. ಆದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ದಾಖಲಾಗಾರದೊಡನೆ ಸುಟ್ಟುಹೋದವು. 1864ರಿಂದ ಆರಂಭವಾದ ಸರ್ಕಾರಿ ಮರಣ ನೋಂದಣಿಯು ಸತ್ತ ಸ್ಥಳವನ್ನು ಹೇಳುತ್ತದೆಯೇ ಹೊರತು ಹೂಳಿದ ಸ್ಥಳವನ್ನಲ್ಲ. ಆದ್ದರಿಂದ ಗ್ರಿಫಿತ್ ಅವರ ಭೂಮೌಲ್ಯಮಾಪನದಿಂದ (1847–1864) ಕುಟುಂಬದ ಊರನ್ನು ಗುರುತಿಸಿ, ಆ ಊರು ಯಾವ ಸರ್ಕಾರಿ ಪ್ಯಾರಿಷ್‌ಗೆ ಸೇರಿತ್ತೆಂದು ತಿಳಿದು, ಅಲ್ಲಿನ ಪಾಳುಬಿದ್ದ ದೇವಾಲಯದ ಅಂಗಳದಲ್ಲಿ ಹುಡುಕಬೇಕು. ಕಥೋಲಿಕ ಧರ್ಮಕೇಂದ್ರದ ಗಡಿಗಳು ಇದಕ್ಕೆ ಹೊಂದುವುದಿಲ್ಲ. ಅನೇಕರು ದಾರಿತಪ್ಪುವುದು ಇಲ್ಲೇ. ಮದುವೆಯಾದ ಹೆಣ್ಣನ್ನು ಕೆಲವೊಮ್ಮೆ ತವರಿನವರ ನಡುವೆಯೇ ಹೂಳುತ್ತಿದ್ದರೆಂಬುದನ್ನೂ ಮರೆಯಬಾರದು.

ಈ ಯಾವ ದಾರಿಯೂ ತಲುಪದವರಿದ್ದಾರೆ. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳಿಗೆ ಆಶೀರ್ವದಿತ ನೆಲದಲ್ಲಿ ಎಡೆಯಿರಲಿಲ್ಲ. ತಂದೆಯೋ ನೆಂಟನೋ ಅವನ್ನು ಹೆಚ್ಚಾಗಿ ಇರುಳಿನಲ್ಲಿ ಊರಾಚೆಯ 'ಕಿಲ್ಲೀನ್' ಎಂಬ ತಾಣಗಳಲ್ಲಿ ಹೂತು, ತಲೆಯ ಬಳಿ ಒರಟು ಕಲ್ಲೊಂದನ್ನು ನೆಟ್ಟು ಬರುತ್ತಿದ್ದನು. 1983ರ ಧರ್ಮಶಾಸನ ಸಂಹಿತೆಯ 1183ನೆಯ ವಿಧಿ, ತಂದೆತಾಯಿ ಜ್ಞಾನಸ್ನಾನ ಕೊಡಿಸಬೇಕೆಂದಿದ್ದು ಅಷ್ಟರಲ್ಲೇ ಸತ್ತ ಮಗುವಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯಸಂಸ್ಕಾರ ನಡೆಸಬಹುದೆನ್ನುತ್ತದೆ. ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ 2007ರ ದಾಖಲೆಯು ಇಂಥ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಂಭೀರ ಆಧಾರಗಳಿವೆ ಎಂದಿತು. ಆ ಮಕ್ಕಳಿಗೆ ಜ್ಞಾನಸ್ನಾನದ ಪುಸ್ತಕದಲ್ಲೂ ಹೆಸರಿಲ್ಲ, ಮೃತರ ಪುಸ್ತಕದಲ್ಲೂ ಇಲ್ಲ. ಅವರನ್ನು ಹೂಳಿದ ಜಾಗಗಳಲ್ಲಿ ಹಲವನ್ನು ಗುರುತಿಸಿಟ್ಟದ್ದು ಸರ್ಕಾರಿ ಭೂಮಾಪಕರು, ತಮ್ಮ ನಕ್ಷೆಗಳ ಮೇಲೆ 'ಮಕ್ಕಳ ಸಮಾಧಿಭೂಮಿ' ಎಂದು ಸಣ್ಣಕ್ಷರದಲ್ಲಿ ಬರೆದು.